ಈಜುಕೊಳದ ಮೇಲೆ ನೆಲೆನಿಂತ ಬೇತೇಲ್

ಸಿಯಾಟಲ್ ನಗರದ ಡೆನ್ನಿ ಟ್ರಯಾಂಗಲ್ ಎಂದರೆ ಇಂದು ನಮ್ಮವರ ಕಣ್ಣಮುಂದೆ ಬರುವುದು ಅಮೆಜಾನ್ ಸಂಸ್ಥೆಯ ಎತ್ತರದ ಕಚೇರಿಗಳು ಮತ್ತು 2018ರಲ್ಲಿ ತೆರೆದ ಮೂರು ಗಾಜಿನ ಗೋಳಗಳು. ಮಕ್ಕಳನ್ನು ನೋಡಲೆಂದು ಬೆಂಗಳೂರು, ಮೈಸೂರುಗಳಿಂದ ಬಂದ ತಂದೆತಾಯಂದಿರು ಆ ಗೋಳಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದೆ ಹಿಂದಿರುಗುವುದು ಅಪರೂಪ. ಅಲ್ಲಿಂದ ಲೆನೋರಾ ರಸ್ತೆ ಹಿಡಿದು ಕಡಲಿನ ಕಡೆಗೆ ಸ್ವಲ್ಪ ದೂರ ನಡೆದರೆ ನೆರೆಯ ಬೆಲ್‌ಟೌನ್ ಬಡಾವಣೆ ಸಿಗುತ್ತದೆ. ಎರಡನೆಯ ಅವೆನ್ಯೂ ಕೂಡುವ ಮೂಲೆಯಲ್ಲಿ ‘ಕ್ರಿಸ್ಟಲ್ಲಾ’ ಎಂಬ ವಸತಿಗೋಪುರವಿದೆ. ಅದರ ಮೇಲ್ಭಾಗ ಈ ಕಾಲದ್ದು. ಬುಡದಲ್ಲಿರುವ ಸುಟ್ಟಮಣ್ಣಿನ ಅಲಂಕೃತ ಗೋಡೆ ಮಾತ್ರ ನೂರು ವರ್ಷಕ್ಕೂ ಹಿಂದಿನದು. ದಾರಿಹೋಕರು ಅದನ್ನು ನೋಡಿ ಮುಂದೆ ಸಾಗುತ್ತಾರೆ. ಆ ಗೋಡೆಯ ಹಿಂದೆ ದಶಕಗಳ ಕಾಲ ಬೇತೇಲ್ ಟೆಂಪಲ್ ಎಂಬ ಸ್ವತಂತ್ರ ಪೆಂಟೆಕೋಸ್ಟಲ್ ಸಭೆಯೊಂದು ಪ್ರಾರ್ಥನೆಗೆ ಸೇರುತ್ತಿತ್ತು.

ಈ ಸಭೆಯ ಕಥೆ ಕ್ರೈಸ್ತರಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸಬೇಕಾಗಿಲ್ಲ. ಪರದೇಶದಲ್ಲಿ ಗುಡಿಯನ್ನೋ ಸಂಘವನ್ನೋ ಕಟ್ಟುವ ಯಾರಿಗಾದರೂ ಅದರಲ್ಲಿ ತಿಳಿಯುವಂಥದ್ದಿದೆ.

ಮೊದಲು ಪೆಂಟೆಕೋಸ್ಟಲ್ ಪಂಥದ ಬಗ್ಗೆ ಎರಡು ಮಾತು. ಪವಿತ್ರಾತ್ಮನ ಆವೇಶ, ಅನ್ಯಭಾಷೆಗಳಲ್ಲಿ ನುಡಿಯುವುದು, ಪ್ರಾರ್ಥನೆಯಿಂದ ರೋಗ ವಾಸಿಯಾಗುವುದು – ಇವುಗಳಲ್ಲಿ ನಂಬಿಕೆಯಿಟ್ಟ ಈ ಪಂಥಕ್ಕೆ ಅಮೆರಿಕದಲ್ಲಿ ದೊಡ್ಡ ಚಾಲನೆ ದೊರೆತದ್ದು 1906ರಲ್ಲಿ, ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ. ಅಲ್ಲಿ ಸಭೆಯನ್ನು ನಡೆಸಿದವರು ವಿಲಿಯಂ ಸೀಮೋರ್ ಎಂಬ ಕಪ್ಪುವರ್ಣೀಯ ಬೋಧಕರು. ಅದಕ್ಕೂ ಒಂದು ವರ್ಷ ಮೊದಲು, 1905ರಲ್ಲಿ, ಪುಣೆಯ ಬಳಿಯ ಕೇಡಗಾಂವ್‌ನ ಮುಕ್ತಿ ಮಿಷನ್ನಿನಲ್ಲಿ ಇಂಥದೇ ಭಾವೋದ್ವೇಗದ ಪ್ರಾರ್ಥನೆಗಳು ನಡೆದಿದ್ದವು. ಆ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಪೆಂಟೆಕೋಸ್ಟಲ್ ಚರಿತ್ರೆ ಬರೆಯುವವರು ಅಜೂಸಾ ಬೀದಿಯ ಜೊತೆಗೆ ಮುಕ್ತಿ ಮಿಷನ್ನನ್ನೂ ಸ್ಮರಿಸುತ್ತಾರೆ. ಹೀಗಾಗಿ ಈ ಕಥೆಯ ಒಂದು ಬೇರು ಕನ್ನಡನಾಡಿನ ಮಣ್ಣನ್ನೂ ಮುಟ್ಟುತ್ತದೆ.

ಸಿಯಾಟಲ್‌ನ ಸಭೆ ಆರಂಭವಾದದ್ದು 1914ರ ಸುಮಾರಿಗೆ. ಸ್ಥಾಪಕರು ವಿಲಿಯಂ ಹೆನ್ರಿ ಆಫೈಲರ್. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದವರು. ಸಾಲ್ವೇಶನ್ ಆರ್ಮಿಯ ಹಿನ್ನೆಲೆಯವರು. ಅಂದಿನ ಸಿಯಾಟಲ್ ಕೂಡ ವಲಸಿಗರ ಊರೇ. ಬಂದರಿನ ಕೂಲಿಗಳು, ಮರ ಕಡಿಯುವವರು, ಮೀನುಗಾರರು, ನಾವಿಕರು, ಸ್ಕ್ಯಾಂಡಿನೇವಿಯಾದಿಂದ ಬಂದ ಕುಟುಂಬಗಳು – ಹೀಗೆ ಊರು ಬೆಳೆಯುತ್ತಿತ್ತು. ನೆಲವೂ ಬದಲಾಗುತ್ತಿತ್ತು. ಇಂದು ಸಮತಟ್ಟಾಗಿ ಕಾಣುವ ಈ ಪ್ರದೇಶದಲ್ಲಿ ಆಗ ಡೆನ್ನಿ ಗುಡ್ಡವಿತ್ತು. ನೀರಿನ ಪ್ರಬಲ ಧಾರೆ ಹಾಯಿಸಿ ಮಣ್ಣನ್ನು ಎಲಿಯಟ್ ಕೊಲ್ಲಿಗೆ ಕೊಚ್ಚಿ, ಗುಡ್ಡದ ಪಶ್ಚಿಮ ಭಾಗವನ್ನು 1911ರ ಹೊತ್ತಿಗೆ ನಗರಾಡಳಿತ ನೆಲಸಮ ಮಾಡಿತ್ತು. ಉಳಿದದ್ದನ್ನು 1928ರಿಂದ 1930ರ ನಡುವೆ ಅಗೆದು ತೆಗೆಯಿತು. ಗುಡ್ಡವನ್ನೇ ಉಳಿಸಿಕೊಳ್ಳದ ಊರಿನಲ್ಲಿ ಒಂದು ಸಣ್ಣ ಪ್ರಾರ್ಥನಾ ಕೂಟ ಉಳಿಯುವುದು ಸುಲಭದ ಮಾತಾಗಿರಲಿಲ್ಲ.

‘ಸ್ವತಂತ್ರ’ ಎಂಬ ಪದದ ಅರ್ಥವನ್ನು ಇಲ್ಲಿ ತಿಳಿಯಬೇಕು. 1914ರಲ್ಲೇ ಅರ್ಕಾನ್ಸಾ ರಾಜ್ಯದಲ್ಲಿ ‘ಅಸೆಂಬ್ಲೀಸ್ ಆಫ್ ಗಾಡ್’ ಎಂಬ ಒಕ್ಕೂಟ ರೂಪುಗೊಂಡು ಅನೇಕ ಪೆಂಟೆಕೋಸ್ಟಲ್ ಸಭೆಗಳನ್ನು ಒಂದುಗೂಡಿಸಿತು. ಎರಡೇ ವರ್ಷಗಳಲ್ಲಿ ಒಳಗೆ ಭಿನ್ನಮತ ತಲೆದೋರಿತು. ದೀಕ್ಷಾಸ್ನಾನ ಕೊಡುವಾಗ ತಂದೆ, ಮಗ, ಪವಿತ್ರಾತ್ಮ ಎಂದು ಮೂರು ಹೆಸರು ಹೇಳಬೇಕೋ, ಯೇಸುವಿನ ಹೆಸರೊಂದನ್ನೇ ಹೇಳಬೇಕೋ ಎಂಬುದೇ ವಿವಾದ. ಆಫೈಲರ್ ಎರಡನ್ನೂ ಜೋಡಿಸಿ, ತ್ರಿಯೇಕ ದೇವರ ಹೆಸರಿನ ಕೊನೆಗೆ ಕರ್ತನಾದ ಯೇಸುಕ್ರಿಸ್ತನ ಹೆಸರನ್ನೂ ಸೇರಿಸಿದರು. ಅವರ ಸಭೆಗೆ ಮೇಲಿನಿಂದ ಬಿಷಪ್ಪರಿಲ್ಲ, ಕೇಂದ್ರ ಕಚೇರಿಯಿಲ್ಲ, ಆಜ್ಞೆ ಕಳುಹಿಸುವವರಿಲ್ಲ. ಅಂತೆಯೇ ಕಷ್ಟಕಾಲದಲ್ಲಿ ಹಣ ಕಳುಹಿಸುವವರೂ ಇಲ್ಲ. ಬೋಧಕರ ಜೀವನ, ಕೂಡುವ ಜಾಗ, ಕೈಗೊಳ್ಳುವ ಕೆಲಸ ಎಲ್ಲದಕ್ಕೂ ಸದಸ್ಯರ ಕಾಣಿಕೆಯೇ ಆಧಾರ.

ಇಂಥ ಸಭೆಯೊಂದು ತನ್ನ ಮೊದಲ ದಶಕದಲ್ಲೇ ಕೈಹಾಕಿದ ಕೆಲಸ ಬೆರಗು ಹುಟ್ಟಿಸುತ್ತದೆ. 1921ರಲ್ಲಿ ಕಾರ್ನೇಲಿಯಸ್ ಗ್ರೂಸ್‌ಬೇಕ್ ಮತ್ತು ರಿಚರ್ಡ್ ವಾನ್ ಕ್ಲಾವೆರೆನ್ ಎಂಬ ಡಚ್ ಮೂಲದ ಇಬ್ಬರನ್ನು ಕುಟುಂಬಸಹಿತ ಸಿಯಾಟಲ್ ಬಂದರಿನಿಂದ ಹಡಗು ಹತ್ತಿಸಿ, ಆಗ ಡಚ್ಚರ ಆಳ್ವಿಕೆಯಲ್ಲಿದ್ದ ಈಸ್ಟ್ ಇಂಡೀಸಿಗೆ, ಅಂದರೆ ಇಂದಿನ ಇಂಡೊನೇಷ್ಯಾಕ್ಕೆ, ಅದು ಕಳುಹಿಸಿಕೊಟ್ಟಿತು. ಬದುಕು ಅರಸಿ ಒಂದು ಸಾಗರ ದಾಟಿ ಬಂದವರ ಪೈಕಿ ಇಬ್ಬರು ನಂಬಿಕೆಯ ಕೆಲಸಕ್ಕಾಗಿ ಇನ್ನೊಂದು ಸಾಗರ ದಾಟಿದರು. ಮನೆಯಲ್ಲಿ ಕಲಿತ ಡಚ್ ಭಾಷೆ ಅಲ್ಲಿ ನೆರವಿಗೆ ಬಂತು. ತಾಯ್ನುಡಿ ಎಲ್ಲಿ, ಯಾವಾಗ ಉಪಯೋಗಕ್ಕೆ ಬರುತ್ತದೆಂದು ಯಾರೂ ಮುಂಚಿತವಾಗಿ ಹೇಳಲಾರರು.

ಅವರು ಮೊದಲು ನೆಲೆಸಿದ್ದು ಹಿಂದೂ ಸಂಸ್ಕೃತಿಯ ಬಾಲಿ ದ್ವೀಪದಲ್ಲಿ. ಬಾಲಿಯ ಸಂಪ್ರದಾಯಕ್ಕೆ ಧಕ್ಕೆ ಬರಬಾರದೆಂಬ ಕಾರಣದಿಂದ ವಸಾಹತು ಸರ್ಕಾರ ಅಲ್ಲಿ ಧರ್ಮಪ್ರಚಾರಕ್ಕೆ ಆಸ್ಪದ ಕೊಡಲಿಲ್ಲ. ಹಾಗಾಗಿ ಅವರು ಜಾವಾ ದ್ವೀಪದ ಸುರಬಾಯಕ್ಕೆ ಹೋದರು. ತೈಲಬಾವಿಗಳ ಊರಾದ ಚೆಪುವಿನಲ್ಲಿ 1923ರಲ್ಲಿ ಮೊದಲ ದೀಕ್ಷಾಸ್ನಾನಗಳು ನಡೆದವು. ಅಲ್ಲಿ ತೈಲ ಸಂಸ್ಥೆಯ ನೌಕರರಾಗಿದ್ದ ವಾನ್ ಗೆಸೆಲ್ ಎಂಬುವರು ಮುಂದೆ ಪ್ರಮುಖ ಬೋಧಕರಾದರು. 1924ರಲ್ಲಿ ಈ ಸಭೆಗೆ ಸರ್ಕಾರದ ಮಾನ್ಯತೆ ದೊರೆಯಿತು. ಅದೇ ಇಂದಿನ ‘ಗೆರೆಜಾ ಪಂತೆಕೋಸ್ತಾ ದಿ ಇಂಡೊನೇಷ್ಯಾ’, ಆ ದೇಶದ ದೊಡ್ಡ ಪೆಂಟೆಕೋಸ್ಟಲ್ ಪಂಗಡಗಳಲ್ಲೊಂದು. 1921ನ್ನೇ ತನ್ನ ಹುಟ್ಟಿನ ವರ್ಷವೆಂದು ಅದು ಎಣಿಸುತ್ತದೆ. ಅದರಿಂದ ಒಡೆದು ಬೇರೆಯಾದ ಪಂಗಡಗಳೂ ಹಲವು. ಮೇಲೆ ಯಜಮಾನರಿಲ್ಲದ ಮನೆತನದಲ್ಲಿ ಪಾಲಾಗುವುದು ಬೇಗ ಎಂಬುದೂ ಈ ಚರಿತ್ರೆಯ ಒಂದು ಮುಖ.

ಇತ್ತ ಸಿಯಾಟಲ್‌ನ ಮಾತೃಸಭೆಗೆ ದೊಡ್ಡ ನೆಲೆ ದೊರೆತದ್ದು 1940ರ ದಶಕದಲ್ಲಿ, ಅದೂ ಒಂದು ಈಜುಕೊಳದಲ್ಲಿ! ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಮಾರ್ಕಸ್ ಪ್ರಿಟೇಕಾ ವಿನ್ಯಾಸಗೊಳಿಸಿದ ‘ಕ್ರಿಸ್ಟಲ್ ಪೂಲ್’ ಒಂದನೆಯ ಮಹಾಯುದ್ಧದ ಆರಂಭಕಾಲದಲ್ಲಿ ಕಟ್ಟಿದ್ದು. ಎಲಿಯಟ್ ಕೊಲ್ಲಿಯಿಂದ ಉಪ್ಪುನೀರನ್ನು ಪಂಪಿನಿಂದ ಮೇಲೆತ್ತಿ, ಕಾಯಿಸಿ ತುಂಬುತ್ತಿದ್ದರು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಮೂರು ಚಿನ್ನದ ಪದಕ ಗೆದ್ದ ಹೆಲೆನ್ ಮ್ಯಾಡಿಸನ್ ಅಭ್ಯಾಸ ಮಾಡಿದ್ದು ಈ ನೀರಿನಲ್ಲೇ. ಕಾಲ ಬದಲಾಗಿ ಆ ಕಟ್ಟಡ ಬೇತೇಲ್ ಸಭೆಯ ಕೈಸೇರಿತು. ಕೊಳದ ಮೇಲೆ ನೆಲ ಬಂತು, ಈಜುಗಾರರ ಜಾಗದಲ್ಲಿ ಭಕ್ತರು ಕುಳಿತರು. ಪೂರ್ಣವಾಗಿ ನೀರಿನಲ್ಲಿ ಮುಳುಗಿಸಿ ದೀಕ್ಷೆ ಕೊಡುವ ಸಭೆಗೆ ಈಜುಕೊಳವೇ ಮನೆಯಾದದ್ದು ವಿಧಿಯ ಒಂದು ಸಣ್ಣ ಹಾಸ್ಯ.

ಆಫೈಲರ್ 1957ರಲ್ಲಿ ನಿಧನರಾದರು. ಇಂಡೊನೇಷ್ಯಾದಲ್ಲಿ ಬೈಬಲ್ ಶಾಲೆ ನಡೆಸಿ ಮರಳಿದ್ದ ಪ್ಯಾಟರ್ಸನ್ ಅವರ ಬಳಿಕ ಸಭೆಯ ಹೊಣೆ ಹೊತ್ತರು. ದಶಕಗಳು ಉರುಳಿದಂತೆ ನಗರದ ನಡುವಿನಲ್ಲಿದ್ದ ಕುಟುಂಬಗಳು ಉಪನಗರಗಳಿಗೆ ಸರಿದವು, ಸುತ್ತಲಿನ ನೆಲದ ಬೆಲೆ ಏರಿತು. ಕೊನೆಗೆ ಸಭೆ ಆ ಕಟ್ಟಡವನ್ನು ಬಿಟ್ಟಿತು. ಈ ಶತಮಾನದ ಮೊದಲ ದಶಕದಲ್ಲಿ ಅದನ್ನು ಕೆಡವಿ ಗೋಪುರ ಎಬ್ಬಿಸಿದರು. ಉಳಿದದ್ದು ಮುಂಭಾಗದ ಗೋಡೆಯಷ್ಟೇ. ಆದರೆ ಜಾವಾದಲ್ಲಿ, ಸುಲವೇಸಿಯಲ್ಲಿ ಭಾನುವಾರದ ಪ್ರಾರ್ಥನೆಗಳು ಇಂದಿಗೂ ನಡೆಯುತ್ತಿವೆ.

ಇದನ್ನು ಓದುವವರಲ್ಲಿ ಅನೇಕರ ಮಕ್ಕಳು ಹೊರನಾಡಿನಲ್ಲಿದ್ದಾರೆ. ಇನ್ನು ಕೆಲವರು ಹೊರಡುವ ಸಿದ್ಧತೆಯಲ್ಲಿದ್ದಾರೆ. ನಾವು ಇಲ್ಲಿ ಕಟ್ಟುವ ದೇವಾಲಯ, ಕನ್ನಡ ಸಂಘ, ಭಾನುವಾರದ ಕನ್ನಡ ತರಗತಿಗಳೂ ಒಂದರ್ಥದಲ್ಲಿ ‘ಸ್ವತಂತ್ರ ಸಭೆ’ಗಳೇ. ಹಿಂದೆ ಮಠದ ಆಸರೆಯಿಲ್ಲ, ಸರ್ಕಾರದ ಅನುದಾನವಿಲ್ಲ, ಊರಿನ ಹತ್ತು ಸಮಸ್ತರಿಲ್ಲ. ಬಾಡಿಗೆ ಸಭಾಂಗಣದಲ್ಲಿ ಮೊದಲಾಗಿ, ಸ್ವಂತ ಕಟ್ಟಡದ ಕನಸು ಕಂಡು, ಸಾಲ ತೀರಿಸುವುದರಲ್ಲೇ ಒಂದು ತಲೆಮಾರಿನ ಶಕ್ತಿ ವ್ಯಯವಾಗುತ್ತದೆ. ಸಾಲ ತೀರುವ ಹೊತ್ತಿಗೆ ಮಕ್ಕಳು ಬೇರೆ ಊರಿನಲ್ಲಿರುತ್ತಾರೆ. ಕಟ್ಟಡ ಬೇಡವೆಂದಲ್ಲ, ಮಳೆಯ ಊರಿನಲ್ಲಿ ಸೂರು ಬೇಕೇ ಬೇಕು. ಆದರೆ ಬೇತೇಲ್ ಸಭೆ ಹೆಚ್ಚು ಕಾಲ ಬಾಳುವ ಕೆಲಸವನ್ನು ಮಾಡಿ ಮುಗಿಸಿದ್ದು ಈ ದೊಡ್ಡ ಕಟ್ಟಡ ಕೈಸೇರುವುದಕ್ಕೆ ಎರಡು ದಶಕ ಮೊದಲು ಎಂಬುದನ್ನು ಮರೆಯಬಾರದು. ಇಬ್ಬರನ್ನು ಸಿದ್ಧಗೊಳಿಸಿ ಕಳುಹಿಸಿದ ಆ ವರ್ಷದ ಖರ್ಚು ಯಾವ ಗೋಡೆಯಲ್ಲೂ ಕಾಣುವುದಿಲ್ಲ.

ಬೇತೇಲ್ ಎಂದರೆ ‘ದೇವರ ಮನೆ’ ಎಂದರ್ಥ. ಬೈಬಲ್ಲಿನ ಆದಿಕಾಂಡದಲ್ಲಿ ಆ ಹೆಸರನ್ನಿಟ್ಟವನು ಯಾಕೋಬ. ಆತ ಆಗ ತಂದೆಯ ಮನೆ ತೊರೆದು ಹೊರಟ ಒಬ್ಬ ಪಯಣಿಗ. ಬಯಲಿನಲ್ಲಿ ಕಲ್ಲನ್ನೇ ತಲೆದಿಂಬಾಗಿಸಿ ಮಲಗಿದ ರಾತ್ರಿ ಕಂಡ ಕನಸಿನಿಂದ ಆ ಜಾಗಕ್ಕೆ ಆ ಹೆಸರು ಬಂತು. ಅಲ್ಲಿ ಇನ್ನೂ ಗೋಡೆಯಿರಲಿಲ್ಲ, ಸೂರೂ ಇರಲಿಲ್ಲ. ಮುಂದಿನ ಬಾರಿ ಮಕ್ಕಳ ಜೊತೆ ಗಾಜಿನ ಗೋಳಗಳನ್ನು ನೋಡಲು ಹೋದವರು ಲೆನೋರಾ ರಸ್ತೆಯಲ್ಲಿ ಇನ್ನಷ್ಟು ದೂರ ನಡೆದು ಆ ಹಳೆಯ ಗೋಡೆಯನ್ನೂ ನೋಡಿ ಬರಲಿ.