ತಾಲ್ಲೂಕು ಕಚೇರಿಯ ಸ್ವಿಚ್ಚು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ತಾಲ್ಲೂಕು ಕಚೇರಿಗಳಲ್ಲಿ ಪಹಣಿಗಾಗಿ ಸಾಲಿನಲ್ಲಿ ನಿಂತ ರೈತನಿಗೆ ಗಣಕದ ಪರದೆ ಕಾಣುತ್ತದೆ, ಮುದ್ರಣಯಂತ್ರ ಕಾಣುತ್ತದೆ. ಆದರೆ ‘ಭೂಮಿ’ ಯೋಜನೆಯು ಕೈಬರಹದ ದಫ್ತರವನ್ನು ಗಣಕಕ್ಕೆ ತಂದ ಮೇಲೆ ಇಂಥ ಕಚೇರಿಗಳಿಗೆ ಅನಿವಾರ್ಯವಾಗಿರುವ, ಗಣಕಗಳನ್ನು ತಂತಿಗಳ ಮೂಲಕ ಒಂದಕ್ಕೊಂದು ಜೋಡಿಸುವ ಸ್ವಿಚ್ಚೆಂಬ ಯಂತ್ರವು ಅವನ ಕಣ್ಣಿಗೆ ಬೀಳುವುದೇ ಇಲ್ಲ. ‘ಸರ್ವರ್ ಡೌನ್’ ಎಂದು ಜನರು ದೂರುವ ವಿಳಂಬಗಳಲ್ಲಿ ಕೆಲವು ವಸ್ತುತಃ ಈ ಪೆಟ್ಟಿಗೆಯಲ್ಲಿಯೇ ಹುಟ್ಟತಕ್ಕವು.

ಇದಕ್ಕೆ ಮುಂಚೆ ಬಳಕೆಯಲ್ಲಿದ್ದ ಹಬ್, ಒಂದು ತಂತಿಯಲ್ಲಿ ಬಂದುದನ್ನು ವಿವೇಚನೆಯಿಲ್ಲದೆ ಉಳಿದೆಲ್ಲ ತಂತಿಗಳಿಗೂ ಸಾರಿಬಿಡುತ್ತಿತ್ತು. ಎರಡು ಗಣಕಗಳು ಏಕಕಾಲದಲ್ಲಿ ನುಡಿದರೆ ಸಂಘಟ್ಟನೆಯಾಗಿ ಎರಡರ ಮಾತೂ ಕೆಡುತ್ತಿತ್ತು. 1990ರ ಸುಮಾರಿಗೆ, ಭಾರತೀಯ ಮೂಲದ ವಿನೋದ್ ಭಾರದ್ವಾಜರು ಸ್ಥಾಪಕರಲ್ಲೊಬ್ಬರಾಗಿದ್ದ ಅಮೆರಿಕದ ‘ಕಲ್ಪನಾ’ ಕಂಪನಿಯು ಈಥರ್ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದಿತು. ಪ್ರತಿಯೊಂದು ಯಂತ್ರಕ್ಕೂ ಇರುವ 48 ಬಿಟ್ಟುಗಳ ವಿಳಾಸವನ್ನು ಸ್ವಿಚ್ಚು ತನಗೆ ಬರುವ ದತ್ತಾಂಶದ ಕಟ್ಟುಗಳಿಂದಲೇ ಓದಿ, ಯಾವುದು ಯಾವ ಪೋರ್ಟಿನಲ್ಲಿ, ಎಂದರೆ ತಂತಿ ಸಿಕ್ಕಿಸುವ ಯಾವ ಕಿಂಡಿಯಲ್ಲಿ, ಇದೆಯೆಂದು ಗುರುತಿಟ್ಟುಕೊಂಡು, ವಿಶ್ವೇಶ್ವರಯ್ಯ ನಾಲೆಯ ನೀರಗಂಟಿಯು ಸರದಿ ಬಂದ ಗದ್ದೆಯ ತೂಬನ್ನು ಮಾತ್ರ ಎತ್ತುವಂತೆ, ಸಲ್ಲಬೇಕಾದ ಪೋರ್ಟಿಗೆ ಮಾತ್ರ ಸಲ್ಲಿಸುತ್ತದೆ. ಸಾಮಾನ್ಯವಾಗಿ ಐದು ನಿಮಿಷ ಸದ್ದಿಲ್ಲದ ವಿಳಾಸವನ್ನು ಮರೆತೂಬಿಡುತ್ತದೆ.

ಜಿಲ್ಲಾಧಿಕಾರಿಗಳು ಮಂಡ್ಯದಿಂದ ತಹಸೀಲ್ದಾರರೊಡನೆ ವೀಡಿಯೊ ಸಭೆ ನಡೆಸುತ್ತಿರುವಾಗಲೇ ಪಕ್ಕದ ಕೋಣೆಯಲ್ಲಿ ದೊಡ್ಡ ಕಡತವೊಂದು ನಕಲಾಗುತ್ತಿದ್ದರೆ ಮಾತು ತುಂಡುತುಂಡಾಗುವುದುಂಟು. ಇದನ್ನು ತಪ್ಪಿಸಲು ಕಟ್ಟಿನ ತಲೆಬರಹದಲ್ಲಿ 0ಯಿಂದ 7ರವರೆಗೆ ಎಂಟು ದರ್ಜೆಗಳ ಆದ್ಯತೆಯನ್ನು ನಮೂದಿಸಬಹುದು. ಸ್ವಿಚ್ಚು ಮಾತನ್ನು ಮುಂದೆ ಬಿಟ್ಟು ಕಡತವನ್ನು ಕ್ಷಣಕಾಲ ತಡೆಯುತ್ತದೆ. ಇದರಿಂದ ತಂತಿಯ ಸಾಮರ್ಥ್ಯ ಕಿಂಚಿತ್ತೂ ಹೆಚ್ಚುವುದಿಲ್ಲ. ಯಾರು ಕಾಯಬೇಕೆಂಬುದಷ್ಟೇ ನಿರ್ಣಯವಾಗುತ್ತದೆ.

ಎರಡು ತಂತಿಗಳನ್ನು ಕೂಡಿಸಿ ಒಂದೇ ಸಂಪರ್ಕವಾಗಿಸುವ ವಿಧಾನವೂ ಉಂಟು. 2000ದಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಾನಕ ದೊರೆಯಿತು. ಒಂದು ಕಡಿದರೆ ಇನ್ನೊಂದು ಹೊರೆ ಹೊರುತ್ತದೆ. ಆದರೆ ಕಟ್ಟುಗಳ ಕ್ರಮ ತಪ್ಪಬಾರದೆಂದು ಒಂದು ಸಂಭಾಷಣೆಯನ್ನೆಲ್ಲ ಒಂದೇ ತಂತಿಯಲ್ಲಿ ಕಳುಹಿಸುವುದರಿಂದ, ಒಂಟಿ ಕಡತದ ವೇಗ ಇಮ್ಮಡಿಯಾದೀತೆಂಬ ನಿರೀಕ್ಷೆ ಸಲ್ಲದು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನಕ್ಕೆ ಅರ್ಹವಾದುದು ತಂತಿಯ ಎರಡು ತುದಿಗಳ ಹೊಂದಾಣಿಕೆ. ಒಂದು ತುದಿಯನ್ನು ಕೈಯಿಂದ 100 ಮೆಗಾಬಿಟ್, ಪೂರ್ಣ ದ್ವಿಮುಖ (ಏಕಕಾಲದಲ್ಲಿ ಕಳುಹಿಸುವುದೂ ಪಡೆಯುವುದೂ) ಎಂದು ನಿಗದಿಮಾಡಿ, ಇನ್ನೊಂದನ್ನು ಸ್ವಯಂಚಾಲಿತವಾಗಿ ಬಿಟ್ಟರೆ, ಈ ಎರಡನೆಯದು ಸಂಕೇತದಿಂದ ವೇಗವನ್ನು ಅರಿತೀತೇ ಹೊರತು ದ್ವಿಮುಖತೆಯನ್ನು ಅರಿಯಲಾರದೆ, ನಿಯಮಾನುಸಾರ ಅರ್ಧ ದ್ವಿಮುಖಕ್ಕೆ, ಎಂದರೆ ಒಮ್ಮೆಗೆ ಒಂದೇ ದಿಕ್ಕಿನ ಮಾತಿಗೆ, ಇಳಿಯುತ್ತದೆ. ಒಂದು ಆಲಿಸುತ್ತಲೇ ನುಡಿಯುತ್ತದೆ. ಮತ್ತೊಂದು ಅದನ್ನೇ ಸಂಘಟ್ಟನೆಯೆಂದು ಬಗೆದು ತನ್ನ ಕಟ್ಟನ್ನು ಅರ್ಧಕ್ಕೆ ಕಡಿಯುತ್ತದೆ. ಹಸಿರು ದೀಪ ಎರಡೂ ಕಡೆ ಉರಿಯುತ್ತಿರುತ್ತದೆ, ಸಣ್ಣ ಸಂದೇಶ ಸಲೀಸಾಗಿ ಹೋಗುತ್ತದೆ, ದೊಡ್ಡ ಕಡತ ಮಾತ್ರ ತೆವಳುತ್ತದೆ. ಸ್ವಿಚ್ಚಿನ ದೋಷದ ಲೆಕ್ಕದಲ್ಲಿ ಒಂದು ಕಡೆ ತಡವಾದ ಸಂಘಟ್ಟನೆಗಳೂ ಇನ್ನೊಂದು ಕಡೆ ಕೆಟ್ಟ ಕಟ್ಟುಗಳೂ ಏರುತ್ತಿದ್ದರೆ, ಅಧಿಕ ವೇಗದ ಸಂಪರ್ಕಕ್ಕೆ ಹಣ ಮಂಜೂರು ಮಾಡಿಸುವ ಮುನ್ನ ಎರಡೂ ತುದಿಗಳನ್ನು ಸ್ವಯಂಚಾಲಿತಕ್ಕೆ ತಿರುಗಿಸಿ ನೋಡತಕ್ಕದ್ದು.