ಗಾಲಿಕುರ್ಚಿಯಿಂದಲೇ ಕತ್ತರಿ ಹಿಡಿದ ಡಾಕ್ಟರಮ್ಮ

1954ರ ಜನವರಿ ಕೊನೆಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಯುವ ವೈದ್ಯರ ಗುಂಪೊಂದು ವಿಹಾರಕ್ಕೆ ಹೊರಟಿತ್ತು. ದಾರಿಯಲ್ಲಿ ವಾಹನ ಪಲ್ಟಿ ಹೊಡೆಯಿತು. ಒಳಗಿದ್ದ ಡಾ. ಮೇರಿ ವರ್ಗೀಸ್ ಅವರ ಮುಖಕ್ಕೆ ಆಳವಾದ ಗಾಯವಾಯಿತು, ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನವೇ ಹೋಯಿತು. ಕೊಚ್ಚಿ ಬಳಿಯ ಚೆರಾಯಿಯ ಕ್ರೈಸ್ತ ಮನೆತನದ ಈ ಹೆಣ್ಣುಮಗಳಿಗೆ ಆಗ 28 ವರ್ಷ.

ಬೆನ್ನುಹುರಿಗೆ ಪೆಟ್ಟು ಬಿದ್ದವರ ಕಷ್ಟ ನಡೆಯಲಾಗದ್ದರಲ್ಲಿ ಮುಗಿಯುವುದಿಲ್ಲ. ಮಲಮೂತ್ರದ ಮೇಲೆ ಹಿಡಿತವಿರುವುದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಚರ್ಮ ಕೊಳೆತು ಹುಣ್ಣಾಗುತ್ತದೆ, ಅದು ಆದದ್ದೂ ರೋಗಿಗೆ ಗೊತ್ತಾಗುವುದಿಲ್ಲ. ಎರಡನೇ ಮಹಾಯುದ್ಧದವರೆಗೂ ಇಂಥವರಲ್ಲಿ ಹೆಚ್ಚಿನವರು ಮೂತ್ರಕೋಶದ ಸೋಂಕಿನಿಂದಲೋ ಈ ಹುಣ್ಣುಗಳಿಂದಲೋ ಬೇಗ ತೀರಿಹೋಗುತ್ತಿದ್ದರು. ಇವರೂ ಬದುಕಬಹುದು, ದುಡಿಯಬಹುದು ಎಂದು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗಟ್‌ಮನ್ ತೋರಿಸಲು ಶುರುಮಾಡಿದ್ದೇ 1944ರಲ್ಲಿ. ಮೇರಿ ಸ್ವತಃ ಡಾಕ್ಟರು. ಏನಾಗಿದೆ ಎಂದು ತಿಳಿದ ಮೇಲೆ ಸುಳ್ಳು ಸಮಾಧಾನ ಅವರ ಬಳಿ ನಡೆಯುವಂತಿರಲಿಲ್ಲ.

ಇಂಥ ಹೊತ್ತಿನಲ್ಲಿ ವಿಶ್ವಾಸ ಎಂದರೆ ಏನು? ಪ್ರಾರ್ಥಿಸಿದರೆ ಕಾಲು ಬರುತ್ತದೆ, ಬರದಿದ್ದರೆ ನಿನ್ನ ವಿಶ್ವಾಸವೇ ಸಾಲದು ಎನ್ನುವ ಬೋಧನೆ ಈಗಲೂ ಕೆಲವು ಸ್ವಸ್ಥತಾ ಕೂಟಗಳಲ್ಲಿ ಕೇಳಿಬರುತ್ತದೆ. ಹಾಸಿಗೆ ಹಿಡಿದವರ ಮೇಲೆ ತಪ್ಪನ್ನೂ ಹೊರಿಸುವ ಈ ಮಾತಿನಷ್ಟು ಕ್ರೂರವಾದದ್ದು ಮತ್ತೊಂದಿಲ್ಲ. ಬೈಬಲೇ ಇದಕ್ಕೆ ಸಾಕ್ಷಿ ಹೇಳುವುದಿಲ್ಲ. ತನ್ನ ಶರೀರದಲ್ಲೊಂದು ಮುಳ್ಳು ನಾಟಿದೆ, ತೆಗೆದುಬಿಡು ಎಂದು ಸಂತ ಪೌಲ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. ಅದನ್ನು ಇಟ್ಟುಕೊಂಡೇ ಆತ ಊರೂರು ಸುತ್ತಿದ. ಮೇರಿ ಹಿಡಿದದ್ದೂ ಈ ದಾರಿಯನ್ನೇ. ಪ್ರಾರ್ಥನೆ ಬಿಡಲಿಲ್ಲ, ವ್ಯಾಯಾಮವನ್ನೂ ತಪ್ಪಿಸಲಿಲ್ಲ.

ಮತ್ತೆ ಕೆಲಸಕ್ಕೆ ದಾರಿ ತೋರಿದವರು ಅಲ್ಲಿಯೇ ಕುಷ್ಠರೋಗಿಗಳ ಕೈ ಸರಿಪಡಿಸುತ್ತಿದ್ದ ಶಸ್ತ್ರಚಿಕಿತ್ಸಕ ಡಾ. ಪಾಲ್ ಬ್ರ್ಯಾಂಡ್. ಕುಷ್ಠದಲ್ಲಿ ಕೈಯ ನರ ಸತ್ತು ಅಂಗೈಯ ಸಣ್ಣ ಸ್ನಾಯುಗಳು ನಿಷ್ಕ್ರಿಯವಾಗುತ್ತವೆ. ಬೆರಳುಗಳು ಹದ್ದಿನ ಉಗುರಿನಂತೆ ಒಳಕ್ಕೆ ಬಾಗಿ ನಿಲ್ಲುತ್ತವೆ. ಅನ್ನ ಕಲಸಲಾಗದು, ಲೋಟ ಹಿಡಿಯಲಾಗದು. ಆದರೆ ಮುಂಗೈಯ ಸ್ನಾಯುಗಳಲ್ಲಿ ಜೀವ ಉಳಿದಿರುತ್ತದೆ. ಅಲ್ಲಿಂದ ಗಟ್ಟಿಯಾದೊಂದು ಸ್ನಾಯುರಜ್ಜುವನ್ನು ಬಿಡಿಸಿ, ದಾರಿ ಬದಲಿಸಿ ಬೆರಳಿಗೆ ಹೊಲಿದರೆ ಕೈ ಮತ್ತೆ ತೆರೆಯುತ್ತದೆ. ಹೊಲಿಗೆ ಒಣಗಿದ ಮೇಲೆ ರೋಗಿ ಹಳೆಯ ಸ್ನಾಯುವಿನಿಂದ ಹೊಸ ಕೆಲಸ ಮಾಡಿಸುವುದನ್ನು ವಾರಗಟ್ಟಲೆ ಕಲಿಯಬೇಕು. ಈ ಶಸ್ತ್ರಚಿಕಿತ್ಸೆಯನ್ನು ಮೇಜಿನ ಮೇಲೆ ರೋಗಿಯ ಕೈ ಚಾಚಿಸಿ, ಡಾಕ್ಟರು ಕೂತುಕೊಂಡೇ ಮಾಡಬಹುದು. ಮೇರಿ ಅದುವರೆಗೆ ಇದ್ದ ಸ್ತ್ರೀರೋಗ ವಿಭಾಗದ ಶಸ್ತ್ರಚಿಕಿತ್ಸೆಗಳಿಗೆ ನಿಲ್ಲಲೇಬೇಕು, ಇದಕ್ಕೆ ಬೇಡ. ಬ್ರ್ಯಾಂಡ್ ಕಂಡುಕೊಂಡದ್ದು ಇಷ್ಟೇ ಸರಳವಾದ ಸಂಗತಿಯನ್ನು.

ಹೀಗೆ ಮೇರಿ ಗಾಲಿಕುರ್ಚಿಯಲ್ಲಿ ಆಪರೇಷನ್ ಥಿಯೇಟರಿಗೆ ಮರಳಿದರು. ತಮ್ಮ ಕಾಲಿನ ಸ್ಪರ್ಶವೇ ತಿಳಿಯದ ಡಾಕ್ಟರು, ಸ್ಪರ್ಶ ಸತ್ತ ಕೈಗಳನ್ನು ರಿಪೇರಿ ಮಾಡಿದರು. ನಾಲ್ಕು ಜನ ಮುಟ್ಟಲು ಹಿಂಜರಿಯುತ್ತಿದ್ದ ರೋಗಿಗಳಿಗೆ, ಗಾಲಿಕುರ್ಚಿಯಲ್ಲಿ ಕೂತು ತಮ್ಮ ಕೈ ಹಿಡಿದುಕೊಳ್ಳುವ ಈ ಡಾಕ್ಟರಮ್ಮ ಬೇರೆ ಯಾವ ಉಪದೇಶಕ್ಕಿಂತ ಹೆಚ್ಚು ಧೈರ್ಯ ಕೊಟ್ಟಿರಬೇಕು.

ಕಾಲು ಕೇಳಿದೆ, ರೆಕ್ಕೆ ಸಿಕ್ಕಿತು ಎಂಬರ್ಥದ ಮಾತೊಂದು ಅವರ ಹೆಸರಿನೊಂದಿಗೆ ಸೇರಿಕೊಂಡಿದೆ. ಚೆಂದದ ಮಾತು, ಚರ್ಚುಗಳಲ್ಲಿ ಬೋಧಕರಿಗೆ ಒದಗಿಬರುವಂಥದು. ಆದರೆ ಆ ರೆಕ್ಕೆಯ ಹಿಂದೆ ಬೆನ್ನಿನ ಶಸ್ತ್ರಚಿಕಿತ್ಸೆಗಳ ನೋವಿದೆ, ಹಾಸಿಗೆಯಿಂದ ಕುರ್ಚಿಗೆ ತೋಳಬಲದಲ್ಲೇ ದಾಟಿಕೊಳ್ಳುವ ದಿನನಿತ್ಯದ ಹೆಣಗಾಟವಿದೆ. ಅದನ್ನು ಬಿಟ್ಟು ಹೇಳಿದರೆ ಕಥೆ ಅರ್ಧವಾಗುತ್ತದೆ.

ಮುಂದೆ ಅವರು ಆಸ್ಟ್ರೇಲಿಯಾದ ಪರ್ತ್‌ನಲ್ಲಿ ತಾವೇ ಪುನಶ್ಚೇತನ ಚಿಕಿತ್ಸೆ ಪಡೆದರು, ಬಳಿಕ ನ್ಯೂಯಾರ್ಕಿನಲ್ಲಿ ಡಾ. ಹೊವಾರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಅದೇ ವಿದ್ಯೆಯ ತರಬೇತಿ ಪಡೆದರು. ವೆಲ್ಲೂರಿಗೆ ಮರಳಿ ಪುನಶ್ಚೇತನ ವಿಭಾಗದ ಹೊಣೆ ಹೊತ್ತರು. 1966ರಲ್ಲಿ ಊರ ಹೊರಗಿನ ಬಾಗಾಯಂನಲ್ಲಿ ಒಳರೋಗಿಗಳ ಪುನಶ್ಚೇತನ ಕೇಂದ್ರ ತೆರೆಯಿತು. ನಮ್ಮ ಮಲೆನಾಡು, ಕರಾವಳಿಗಳಲ್ಲಿ ಅಡಿಕೆ, ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರನ್ನು ಕಂಡವರಿಗೆ ಇಂಥ ಕೇಂದ್ರದ ಬೆಲೆ ಬಿಡಿಸಿ ಹೇಳಬೇಕಿಲ್ಲ. ಆಪರೇಷನ್ ಮುಗಿಸಿ ಮನೆಗೆ ಕಳಿಸಿದರೆ ಸಾಲದು. ಹೊಸಿಲು ದಾಟುವುದು, ಸ್ನಾನ ಮಾಡುವುದು, ಮತ್ತೆ ನಾಲ್ಕು ಕಾಸು ದುಡಿಯುವುದು, ಎಲ್ಲವನ್ನೂ ಯಾರಾದರೂ ಕಲಿಸಬೇಕು. 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ಮೇರಿ ತೀರಿಕೊಂಡರು.

ಅವರನ್ನು ಕೊಂಡಾಡುವ ನಾವು ಇನ್ನೊಂದು ಕೆಲಸ ಮಾಡಬಹುದು. ಸಾರ್ವಜನಿಕ ಕಟ್ಟಡಗಳಿಗೆ ಅಂಗವಿಕಲರೂ ಬರುವಂತಿರಬೇಕು ಎನ್ನುತ್ತದೆ 2016ರ ಕಾನೂನು. ಒಂದು ಅಡಿ ಎತ್ತರ ಹತ್ತಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಸಿಮೆಂಟು, ಜಲ್ಲಿ, ಇಬ್ಬರು ಗಾರೆಯವರು ಇದ್ದರೆ ಆಗುವ ಕೆಲಸ. ಮುಂದಿನ ಭಾನುವಾರ ನಿಮ್ಮ ಚರ್ಚಿನ ಬಾಗಿಲಲ್ಲಿ ಮೆಟ್ಟಿಲು ಎಷ್ಟಿವೆ, ಗಾಲಿಕುರ್ಚಿ ಒಳಗೆ ಹೋಗುತ್ತದೆಯೇ ನೋಡಿ. ಹೋಗದಿದ್ದರೆ ಫಾದರ್ ಹತ್ತಿರವೋ ಪಾಸ್ಟರ್ ಹತ್ತಿರವೋ ಅಂದೇ ಮಾತಾಡಿ.