ರಜೆಗೆ ಸಮುದ್ರ: ಚಂದ್ರನ ತಾರೀಖು ನೋಡಿ ಹೊರಡಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಮಕ್ಕಳಿಗೆ ನೀರೆಂದರೆ ಮಲಪ್ರಭೆ. ನವಿಲುತೀರ್ಥದ ಹಿನ್ನೀರೇ ಅವರು ಕಂಡ ದೊಡ್ಡ ನೀರು. ಅರಬ್ಬೀ ಸಮುದ್ರಕ್ಕೆ ಅಷ್ಟು ಹತ್ತಿರ ಸಹ್ಯಾದ್ರಿಯಲ್ಲಿ ಹುಟ್ಟಿಯೂ ಈ ನದಿ ಬೆನ್ನು ತಿರುಗಿಸಿ ಪೂರ್ವಕ್ಕೆ ಹರಿದು, ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ ಎಂದು ಪಾಠ ಹೇಳಿದಾಗಲೆಲ್ಲ, ‘ಸರ, ಸಮುದ್ರ ಹೆಂಗಿರ್ತೈತ್ರಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಏಪ್ರಿಲ್ ರಜೆ ಸಮೀಪಿಸಿತೆಂದರೆ ಆ ಪ್ರಶ್ನೆ ಮನೆಯಲ್ಲಿ ಹಟವಾಗುತ್ತದೆ.

ಮುಸ್ಲಿಂ ಮನೆಗಳ ಪಾಲಕರು ಈ ಮಾತು ತೆಗೆದಾಗ ಅವರ ಚಿಂತೆ ಖರ್ಚಿನದಷ್ಟೇ ಅಲ್ಲ. ‘ಹೋಗೂದೇನ ದೊಡ್ಡದಲ್ರಿ ಸರ, ಹಲಾಲ್ ಊಟ ಎಲ್ಲಿ ಹುಡಕೂದು? ನಮಾಜ್ ಎಲ್ಲಿ ಮಾಡೂದು? ಹೆಣ್ಮಕ್ಕಳು ನೀರಾಗ ಹೆಂಗ ಇಳೀಬೇಕು?’ ಮೊದಲ ಎರಡು ಪ್ರಶ್ನೆಗಳಿಗೆ ಪಕ್ಕದ ಉತ್ತರ ಕನ್ನಡ ಜಿಲ್ಲೆಯೇ ಸಲೀಸಾಗಿ ಉತ್ತರ ಕೊಡುತ್ತದೆ. ಮಾಲ್ಡೀವ್ಸ್, ಮಲೇಶಿಯಾಗಳ ಜಾಹೀರಾತು ನೋಡಿ ಕೈಚೆಲ್ಲಬೇಕಾಗಿಲ್ಲ. ಮೂರನೆಯದು ಮಾತ್ರ ಕುಳಿತು ಯೋಚಿಸಬೇಕಾದದ್ದು.

ದಾರಿ ಸುಲಭ. ನಾಲ್ಕೂ ಊರಿನವರು ಧಾರವಾಡಕ್ಕೆ ಬಂದು, ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಅಲ್ಲಿಂದ ದಕ್ಷಿಣಕ್ಕೆ ಕುಮಟಾ, ಹೊನ್ನಾವರ, ಮುರುಡೇಶ್ವರ, ಭಟ್ಕಳ. ಹೊನ್ನಾವರ ಇಲ್ಲವೆ ಭಟ್ಕಳದಲ್ಲಿ ವಸತಿ ಮಾಡುವುದು ಅನುಕೂಲ.

ಭಟ್ಕಳ ನವಾಯತರ ಊರು. ಕಡಲ ವ್ಯಾಪಾರಕ್ಕೆ ಬಂದ ಅರಬರ ಹಾಗೂ ಇಲ್ಲಿನವರ ಸಂಬಂಧದಿಂದ ಬೆಳೆದ ಸಮುದಾಯ ಇದು. ಮನೆಮಾತು ಕೊಂಕಣಿಗೆ ಹತ್ತಿರದ ನವಾಯತಿ. ಇಲ್ಲಿ ಹಲಾಲ್ ಹೋಟೆಲನ್ನು ಹುಡುಕಬೇಕಾಗಿಯೇ ಇಲ್ಲ. ಭಟ್ಕಳದ ಬಿರಿಯಾನಿ ಎಲ್ಲರಿಗೂ ಗೊತ್ತು. ಅಕ್ಕಿಯ ಬದಲು ಶಾವಿಗೆಯಲ್ಲೂ ಬಿರಿಯಾನಿ ಮಾಡುತ್ತಾರೆಂಬುದು ನಮ್ಮ ಕಡೆಯವರಿಗೆ ಹೊಸ ಸಂಗತಿ. ಬೇರೆ ಊರುಗಳಲ್ಲಿ ಮೀನು ಇದ್ದೇ ಇದೆ, ಮೀನಿಗೆ ಜಬಹ್ ಮಾಡುವ ಪ್ರಶ್ನೆಯೇ ಇಲ್ಲ. ಆದರೆ ಒಂದು ಸ್ವಾರಸ್ಯ ಗಮನಿಸಿ. ನಮ್ಮ ಭಾಗದ ಮುಸ್ಲಿಮರು ಬಹುತೇಕ ಹನಫಿ ಪಂಥದವರು, ಭಟ್ಕಳದವರು ಶಾಫಿ. ಶಾಫಿಗಳಿಗೆ ಏಡಿ ನಡೆಯುತ್ತದೆ, ಹನಫಿಗಳಿಗೆ ಇಲ್ಲ. ಸೀಗಡಿಯ ಬಗ್ಗೆ ಹನಫಿ ವಿದ್ವಾಂಸರಲ್ಲೇ ಎರಡು ಮಾತುಂಟು. ಹೀಗಾಗಿ ಹಲಾಲ್ ಹೋಟೆಲಿನಲ್ಲಿಯೂ ತಟ್ಟೆಯಲ್ಲಿ ಏನಿದೆ ಎಂದು ಕೇಳಿ ತಿನ್ನುವುದು ಒಳ್ಳೆಯದು. ಬೇರೆಡೆ ಬಾರ್ ಇರುವ ಹೋಟೆಲು, ಕೋಳಿ ಹುರಿದ ಹಂಚಿನಲ್ಲೇ ಮೀನು ಹುರಿಯುವ ಅಡುಗೆಮನೆ, ಇವೆರಡನ್ನೂ ಕೋಣೆ ಕಾಯ್ದಿರಿಸುವಾಗಲೇ ವಿಚಾರಿಸಿಕೊಳ್ಳಬೇಕು. ಏನೂ ಸಿಗದಿದ್ದರೆ ಶಾಕಾಹಾರಿ ಖಾನಾವಳಿ.

ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುವವರು ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ನೋಡಿಕೊಳ್ಳಲಿ. ನಮ್ಮ ಒಣಹವೆಯಲ್ಲಿ ವಾರಗಟ್ಟಲೆ ಕಟುಂ ಎನ್ನುವ ರೊಟ್ಟಿ, ಕರಾವಳಿಯ ಗಾಳಿಯ ತೇವ ಹೀರಿ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಮಕ್ಕಳಿಗೆ ಆರ್ದ್ರತೆಯ ಪಾಠ ಪುಕ್ಕಟೆ!

ನೆರಳು ಹೇಳುವ ಹೊತ್ತು

1340ರ ದಶಕದಲ್ಲಿ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಿದ್ದ. ಊರಿನವರು ಶಾಫಿ ಪಂಥದವರೆಂದೂ, ಅಲ್ಲಿ ಹುಡುಗಿಯರ 13 ಶಾಲೆಗಳನ್ನೂ ಹುಡುಗರ 23 ಶಾಲೆಗಳನ್ನೂ ಕಂಡೆನೆಂದೂ ಬರೆದಿಟ್ಟಿದ್ದಾನೆ. ಹೆಣ್ಣುಮಕ್ಕಳಿಗೆ 13 ಶಾಲೆ, ಅದೂ ಆರೂವರೆ ಶತಮಾನಕ್ಕೂ ಹಿಂದೆ! ವಿದ್ಯಾರ್ಥಿನಿಯರು ಇದನ್ನು ನೆನಪಿಟ್ಟುಕೊಂಡೇ ಆ ಊರಿಗೆ ಕಾಲಿಡಲಿ.

ಶಾಫಿ-ಹನಫಿ ವ್ಯತ್ಯಾಸ ಅಸರ್ ಅಜಾನಿನಲ್ಲೂ ಕೇಳಿಸುತ್ತದೆ. ಮಧ್ಯಾಹ್ನದ ನೆರಳನ್ನು ಬಿಟ್ಟು, ಕಡ್ಡಿಯ ನೆರಳು ಕಡ್ಡಿಯಷ್ಟೇ ಉದ್ದವಾದಾಗ ಶಾಫಿಗಳ ಅಸರ್, ಎರಡರಷ್ಟಾದಾಗ ಹನಫಿಗಳದು. ಏಪ್ರಿಲ್ ಕೊನೆಯಲ್ಲಿ ಇವೆರಡರ ನಡುವೆ ಒಂದು ಗಂಟೆಗೂ ಹೆಚ್ಚು ಅಂತರ. ‘ಇಲ್ಲಿ ಇಷ್ಟ ಲಗೂನ ಅಜಾನ್ ಯಾಕ?’ ಎಂದು ಮಕ್ಕಳು ಕೇಳಿದರೆ ಮರಳಿನಲ್ಲಿ ಒಂದು ಕಡ್ಡಿ ನೆಟ್ಟು ತೋರಿಸಿ. ಅದೇ ಕಡ್ಡಿ ಇನ್ನೊಂದು ಸೋಜಿಗವನ್ನೂ ತೋರಿಸುತ್ತದೆ. ಏಪ್ರಿಲ್ ಕೊನೆಯ ವಾರ ಹೊನ್ನಾವರ, ಭಟ್ಕಳಗಳಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು, ಹನ್ನೆರಡೂವರೆಯ ಸುಮಾರಿಗೆ ನೆಟ್ಟಗೆ ನಿಂತ ಕಡ್ಡಿಗೆ ನೆರಳೇ ಇರುವುದಿಲ್ಲ. ಊರಿಗೆ ಮರಳಿದ ಮೇಲೆ ಮೇ ಮೊದಲ ವಾರದಲ್ಲಿ ಬೈಲಹೊಂಗಲದ ಅಂಗಳದಲ್ಲೂ ಇದನ್ನೇ ಮತ್ತೆ ನೋಡಬಹುದು.

ಇಷ್ಟು ದೂರದ ಪ್ರಯಾಣದಲ್ಲಿ ನಾಲ್ಕು ರಕಾತಿನ ಫರ್ಜ್ ನಮಾಜನ್ನು ಎರಡಕ್ಕೆ ಇಳಿಸುವ ರಿಯಾಯಿತಿ ಇದೆ. ವಿವರವನ್ನು ನಿಮ್ಮ ಊರಿನ ಇಮಾಮರಲ್ಲಿ ಕೇಳಿಕೊಂಡು ಹೊರಡಿ. ಕಿಬ್ಲಾ ಭಟ್ಕಳದಿಂದ ನೇರ ಪಶ್ಚಿಮವಲ್ಲ, ಅಲ್ಲಿಂದ ಸುಮಾರು 18 ಡಿಗ್ರಿ ಉತ್ತರಕ್ಕೆ. ಮಕ್ಕಳ ಕೈಗೊಂದು ದಿಕ್ಸೂಚಿ ಕೊಟ್ಟರೆ ಆ ಕೆಲಸ ಅವರದೇ. ಹೆಂಗಸರಿಗೆ ಪ್ರತ್ಯೇಕ ಜಾಗ ಎಲ್ಲ ಮಸೀದಿಗಳಲ್ಲೂ ಇರುವುದಿಲ್ಲವಾದ್ದರಿಂದ ಕೋಣೆ ಸಮುದ್ರಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು.

ನೀರಿಗಿಳಿಯುವ ಮುನ್ನ

2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ಬಾಲಕಿಯರು ಪ್ರವಾಸಕ್ಕೆಂದು ಬಂದು ಮುರುಡೇಶ್ವರದಲ್ಲಿ ಸಮುದ್ರಪಾಲಾದರು. ಅವರೂ ಒಳನಾಡಿನ ಮಕ್ಕಳು, ನಮ್ಮ ಮಕ್ಕಳ ಹಾಗೆ. ಹೊಲದ ಬಾವಿಯಲ್ಲೋ ಹೊಳೆಯಲ್ಲೋ ಈಜು ಕಲಿತವನಿಗೆ ಸಮುದ್ರವೂ ಹಾಗೇ ಎನಿಸುತ್ತದೆ, ಹಾಗಲ್ಲ. ದಡಕ್ಕೆ ಅಪ್ಪಳಿಸಿದ ನೀರು ಹಿಂದಿರುಗಲು ಒಂದು ಕಿರಿದಾದ ಓಣಿ ಮಾಡಿಕೊಳ್ಳುತ್ತದೆ. ಆ ಓಣಿಯಲ್ಲಿ ಅಲೆ ಒಡೆಯುವುದು ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ, ಅನನುಭವಿಗಳು ಅಲ್ಲಿಯೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕರೆ ಎದುರೀಜಬಾರದು, ದಡಕ್ಕೆ ಸಮಾಂತರವಾಗಿ ಸರಿದು ಓಣಿಯಿಂದ ಹೊರಬರಬೇಕು. ಈಜು ಬಾರದವರಿಗೆ ಮೊಣಕಾಲಿನ ಮಟ್ಟವೇ ಗಡಿ.

ಹೆಣ್ಣುಮಕ್ಕಳ ಉಡುಪಿನ ಪ್ರಶ್ನೆ ಬರುವುದು ಇಲ್ಲಿ. ನೀರಿನೊಳಗೆ ಒದ್ದೆ ಬಟ್ಟೆ ಅಷ್ಟೇನೂ ಭಾರವಲ್ಲ, ಆರ್ಕಿಮಿಡೀಸ್ ಹೇಳಿದ ತೇಲುಬಲ ಅದನ್ನು ಹೊರುತ್ತದೆ. ಆದರೆ ಅಗಲವಾದ ಬುರ್ಖಾ, ಸೀರೆ, ದುಪಟ್ಟಾ ಹರಿಯುವ ನೀರಿಗೆ ಹಾಯಿಯಂತೆ ಅಡ್ಡ ನಿಲ್ಲುತ್ತವೆ, ಕಾಲಿಗೆ ಸುತ್ತಿಕೊಳ್ಳುತ್ತವೆ; ಏಳಲು ಹೋದಾಗ ಹೀರಿದ ನೀರಿನ ತೂಕವೆಲ್ಲ ಒಮ್ಮೆಲೇ ಮೈಮೇಲೆ ಬೀಳುತ್ತದೆ. ಮೈ ಮುಚ್ಚುವುದು ತಪ್ಪಲ್ಲ, ಜೋಲುವ ಬಟ್ಟೆ ತಪ್ಪು. 2004ರಲ್ಲಿ ಆಸ್ಟ್ರೇಲಿಯಾದ ಅಹೇದಾ ಜಾನೆಟಿ ಎಂಬಾಕೆ ಇದಕ್ಕಾಗಿಯೇ ತಲೆಯಿಂದ ಕಾಲಿನವರೆಗೆ ಮುಚ್ಚುವ ಈಜುಡುಪನ್ನು ರೂಪಿಸಿದರು, ಅದೇ ಬುರ್ಕಿನಿ. ಅದನ್ನು ಕೊಳ್ಳಬೇಕೆಂದೇನಿಲ್ಲ. ನೀರು ಹೀರದ ತೆಳು ಸಿಂಥೆಟಿಕ್ ಬಟ್ಟೆಯಲ್ಲಿ, ಕಾಲಿನ ಕೊನೆಗೆ ಎಲಾಸ್ಟಿಕ್ ಹಾಕಿ, ಮೊಣಕಾಲಿನವರೆಗಿನ ಅಂಗಿ ಹಾಗೂ ಹೊಲಿದ ತಲೆವಸ್ತ್ರವನ್ನು ನಮ್ಮ ಊರಿನ ದರ್ಜಿಯೇ ಮಾಡಿಕೊಡಬಲ್ಲ.

ಜಾಗದ ಆಯ್ಕೆಯೂ ಮುಖ್ಯ. ಹೊನ್ನಾವರದ ಪಕ್ಕದ ಕಾಸರಕೋಡ (ಕೇರಳದ ಕಾಸರಗೋಡಲ್ಲ) ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರಿನ ಶುದ್ಧತೆ, ಬಟ್ಟೆ ಬದಲಿಸುವ ಕೋಣೆ, ಶೌಚಾಲಯ, ಜೀವರಕ್ಷಕರು ಆ ಮಾನ್ಯತೆಯ ಷರತ್ತುಗಳು. ಗುಂಪಿನಿಂದ ದೂರವೆಂದು ನಿರ್ಜನ ತೀರ ಹುಡುಕಿ ಹೋಗುವುದು ಮರ್ಯಾದೆಗೆ ಸರಿ, ಜೀವಕ್ಕೆ ಸರಿಯಲ್ಲ; ಜೀವರಕ್ಷಕರಿರುವ ತೀರಕ್ಕೇ, ಅವರು ಕೆಲಸಕ್ಕೆ ಬಂದ ಮೇಲೆ, ಬೆಳಿಗ್ಗೆ ಹೋದರೆ ಎರಡೂ ಉಳಿಯುತ್ತವೆ. ಸಂಜೆಯಾದರೆ ಮಗ್ರಿಬ್‌ಗೆ ಮುಂಚೆ ನೀರಿನಿಂದ ಹೊರಗಿರಬೇಕು. ಹತ್ತಿರದಲ್ಲೇ ಶರಾವತಿ ಸಮುದ್ರ ಸೇರುವ ಅಳಿವೆ, ಕಾಂಡ್ಲಾ ಕಾಡಿನ ನಡುವೆ ಮರದ ಕಾಲುದಾರಿ ಇವೆ, ಅವನ್ನೂ ನೋಡಿ.

ಇನ್ನು ತಾರೀಖು. ಚಾಂದ್ರಮಾನದ ಕ್ಯಾಲೆಂಡರ್ ಗೋಡೆಯ ಮೇಲಿರುವ ಮನೆಗೆ ಸಮುದ್ರದ ಪಂಚಾಂಗ ಹೇಗೂ ಸಿಕ್ಕಂತೆಯೇ. ಹೊಸ ಚಂದ್ರ ಕಂಡ ಮೊದಲ ಎರಡು-ಮೂರು ದಿನ, ಮತ್ತೆ 14ರಿಂದ 17ರವರೆಗೆ ಸೂರ್ಯ-ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡಿ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. 8 ಮತ್ತು 22ರ ಆಸುಪಾಸಿನಲ್ಲಿ ಎರಡೂ ಕಡಿಮೆ. ಚಿಕ್ಕ ಮಕ್ಕಳಿದ್ದರೆ ಆ ದಿನಗಳನ್ನೇ ಆರಿಸಿ. ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ನಿನ್ನೆಯ ಲೆಕ್ಕ ಇಂದು ನಡೆಯದು. ಅಲೆಯ ಎತ್ತರ ಗಾಳಿಯನ್ನು ಅವಲಂಬಿಸಿದ್ದು, ಹೀಗಾಗಿ ಕೊನೆಯ ಮಾತು ಜೀವರಕ್ಷಕರದೇ.

ರಂಜಾನ್ ವರ್ಷಕ್ಕೆ 10-11 ದಿನ ಹಿಂದೆ ಸರಿಯುವುದರಿಂದ (2024ರಲ್ಲಿ ಹಬ್ಬ ಏಪ್ರಿಲ್ 11ಕ್ಕೆ, 2025ರಲ್ಲಿ ಮಾರ್ಚ್ 31ಕ್ಕೆ ಬಂತು) ಇನ್ನು ಹಲವು ವರ್ಷ ಬೇಸಿಗೆ ರಜೆಯಲ್ಲಿ ರೋಜಾದ ಅಡ್ಡಿ ಇಲ್ಲ. ಮೇ ಮಧ್ಯದೊಳಗೆ ಹೋಗಿ ಬಂದರೆ ಲೇಸು. ಮಳೆಗಾಲದಲ್ಲಿ ಆ ದಾರಿ ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಹಾನಿಯಾದದ್ದು ಎಲ್ಲರ ನೆನಪಿನಲ್ಲಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುತ್ತದೆ, ಆಗ ಹೋದರೆ ತಾಜಾ ಮೀನಿಗೂ ಬರ.